ಫ್ಲಾಸ್ಕಿನಲ್ಲಿ ಎಂತ ಉಂಟು?

ಆಟಿ ಅಮಾವಾಸ್ಯೆಯ ದಿವಸ ನಮ್ಮ ತುಳುನಾಡಿನಲ್ಲಿ ಬೆಳಕು ಹರಿಯುವ ಮೊದಲೇ ಮನೆಯಿಂದ ಒಬ್ಬರು ಗುಡ್ಡಕ್ಕೆ ಹೋಗ್ತಾರೆ, ಪಾಲೆ ಮರದ ತೊಗಟೆ ತರ್ಲಿಕ್ಕೆ. ಕತ್ತಿ ತಾಗಿಸುವ ಹಾಗಿಲ್ಲ, ಕಲ್ಲಲ್ಲೇ ಜಜ್ಜಿ ತೆಗೀಬೇಕು. ಅದರ ರಸಕ್ಕೆ ಬೆಳ್ಳುಳ್ಳಿ, ಕಾಳುಮೆಣಸು, ಓಮ. ಕಹಿ ಅಂದ್ರೆ ಕಹಿ ಮಾರಾಯ್ರೆ, ಮಧ್ಯಾಹ್ನದವರೆಗೆ ನಾಲಿಗೆ ನಮ್ಮದಲ್ಲ. ಹಿಂದೆಯೇ ತಂಪಿಗೆ ಮೆಂತೆ ಗಂಜಿ.

ನಮ್ಮ ಅಜ್ಜ ಲೋಟ ಕೈಗೆ ತಗೊಳ್ಳುವ ಮೊದಲು ಪ್ರತಿ ವರ್ಷ ಕೇಳ್ತಿದ್ದರು: "ಯಾರು ಕೆತ್ತಿದ್ದು? ಮರ ಸರಿ ನೋಡಿದ್ದಾನಾ?" ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಬಂದರೆ ಕತೆ ಮುಗೀತು, ಅದು ವಿಷ. ಹಾಗಾಗಿ ಹಿಂದಿನ ದಿನವೇ ಹೋಗಿ ಮರಕ್ಕೆ ಗುರ್ತು ಮಾಡಿ ಬರುವವರೂ ಉಂಟು. ವರ್ಷಕ್ಕೆ ಒಂದೇ ದಿನ, ಒಂದು ಸಣ್ಣ ಲೋಟ, ಗುರ್ತದ ಮರ.

ಈಗ ಚಿಕ್ಕಮ್ಮನ ಫ್ಲಾಸ್ಕಿಗೆ ಬರುವಾ.

ಚಿಕ್ಕಮ್ಮನಿಗೆ ಸ್ತನದ ಕ್ಯಾನ್ಸರ್. ಅವರ ಮೂರನೇ ಕೀಮೋಗೆ ಜೊತೆಗೆ ಹೋದದ್ದು ನಾನು. ಬ್ಯಾಗಿನಲ್ಲಿ ಸ್ಟೀಲಿನ ಫ್ಲಾಸ್ಕ್. ಮುಚ್ಚಳ ತೆಗೆದರೆ ಹಸಿರೂ ಅಲ್ಲದ ಕಂದೂ ಅಲ್ಲದ ನೀರು, ಬೆಂದ ಎಲೆಯ ಒಗರು ವಾಸನೆ. ಲಕ್ಷ್ಮಣಫಲದ ಎಲೆಯ ಕಷಾಯ. ದಿನಕ್ಕೆ ಮೂರು ಸಲ, ಎರಡು ತಿಂಗಳಿಂದ. "ಕೀಮೋಗಿಂತ ಹತ್ತು ಸಾವಿರ ಪಟ್ಟು ಪವರ್ ಉಂಟಂತೆ" ಅಂದರು. ವಾಟ್ಸಾಪಿನಲ್ಲಿ ಬಂದದ್ದು, ಮತ್ತೆಲ್ಲಿಂದ? ಡಾಕ್ಟರಿಗೆ ಹೇಳಿದ್ರಾ ಅಂತ ಕೇಳಿದೆ. "ಬೈದ್ರೆ?" ಅಂದರು. ಆಮೇಲೆ ಸ್ಟ್ಯಾಂಡಿಗೆ ನೇತು ಹಾಕಿದ್ದ ಬಾಟ್ಲಿ ತೋರಿಸಿ, "ಇದಾದ್ರೆ ಗಿಡದ್ದು, ಅದು ಕೆಮಿಕಲ್ ಅಲ್ವಾ?"

ಆ ಬಾಟ್ಲಿಯಲ್ಲಿದ್ದದ್ದು ಪ್ಯಾಕ್ಲಿಟ್ಯಾಕ್ಸೆಲ್. ಅದೂ ತೊಗಟೆಯದ್ದೇ! ಅಮೆರಿಕದ ಪೆಸಿಫಿಕ್ ಯೂ ಅನ್ನುವ ಮರದ ತೊಗಟೆ ಸಂಗ್ರಹಿಸಿದ್ದು 1962ರಲ್ಲಿ. ಅಲ್ಲಿ ಅದಕ್ಕೆ ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಮೂವತ್ತು ವರ್ಷ ಅಲ್ಲಿಯ ವಿಜ್ಞಾನಿಗಳು ಮಾಡಿದ್ದೂ ಅಜ್ಜನ ಪ್ರಶ್ನೆಯನ್ನೇ ಕೇಳುವುದು: ಯಾವ ಮರ, ಎಷ್ಟು, ಯಾರಿಗೆ.

ತುಳಸಿಕಟ್ಟೆಯ ಬುಡದಲ್ಲಿ ಯಾರೂ ನೀರು ಹಾಕದೆ ಹೂ ಬಿಡುವ ನಿತ್ಯಪುಷ್ಪ ಗೊತ್ತಲ್ಲ? ಅದರ ಎಲೆ ಸಕ್ಕರೆ ಕಾಯಿಲೆಗೆ ಒಳ್ಳೇದಾ ಅಂತ ಕೆನಡಾದಲ್ಲಿ ಪರೀಕ್ಷೆ ಮಾಡ್ಲಿಕ್ಕೆ ಹೋದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಆ ಗಿಡದಿಂದಲೇ ಬಂದದ್ದು ರಕ್ತದ ಕ್ಯಾನ್ಸರಿನ ಔಷಧಿ ವಿನ್‌ಕ್ರಿಸ್ಟಿನ್. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರಿ ಕೊಡುವುದಿಲ್ಲ. ಚಿಟಿಕೆ ಉಪ್ಪಿಗಿಂತ ಕಡಿಮೆ. ಮೀರಿದರೆ ನರಗಳಿಗೇ ಪೆಟ್ಟು. ಅಂಗಳದ ಗಿಡದಿಂದ ಎಲೆ ಕಿತ್ತು ಕುದಿಸುವವರಿಗೆ ಆ 2 ಮಿಲಿಗ್ರಾಂ ಅಳೆಯುವ ತಕ್ಕಡಿ ಎಲ್ಲಿಂದ ಬರಬೇಕು?

ಹಾಗಾದರೆ ಗಿಡದ ಸಾರ ಕ್ಯಾನ್ಸರ್ ಹರಡುವುದನ್ನು ನಿಧಾನ ಮಾಡ್ತದೆ ಅಂತ ಆಗಾಗ ಬರುವ ಸುದ್ದಿಯೆಲ್ಲ ಸುಳ್ಳಾ? ಸುಳ್ಳಲ್ಲ, ಕಷ್ಟ ಇರುವುದೇ ಅಲ್ಲಿ. ಲ್ಯಾಬಿನಲ್ಲಿ ಒಂದು ತಟ್ಟೆಯ ತಳ ತುಂಬ ಕ್ಯಾನ್ಸರ್ ಕೋಶ ಬೆಳೆಸ್ತಾರೆ. ಸಪೂರ ನಳಿಗೆಯ ತುದಿಯಿಂದ ನಡುವೆ ಒಂದು ಗೀರು ಎಳೀತಾರೆ. ಎರಡೂ ದಡದ ಕೋಶಗಳು ತೆವಳಿಕೊಂಡು ಬಂದು ಆ ಗೀರನ್ನು ಮುಚ್ಚಲಿಕ್ಕೆ ನೋಡ್ತವೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನುವ ಅಂಶ ಹಾಕಿದರೆ ಆ ತೆವಳುವಿಕೆ ನಿಧಾನ ಆಗ್ತದೆ, ಇದು ಮತ್ತೆ ಮತ್ತೆ ಕಂಡದ್ದು. ದೇಹದಲ್ಲೂ ಗಡ್ಡೆ ಬಿಟ್ಟು ಹೊರಟ ಕೋಶ ಹೀಗೇ ದಾರಿ ಕೊರೆದುಕೊಂಡು ರಕ್ತಕ್ಕೆ ಇಳಿದು ಶ್ವಾಸಕೋಶದಲ್ಲೋ ಮೂಳೆಯಲ್ಲೋ ಬಿಡಾರ ಹೂಡ್ತದೆ. ಹೆಚ್ಚಿನವರ ಜೀವ ಹೋಗುವುದು ಮೊದಲ ಗಡ್ಡೆಯಿಂದ ಅಲ್ಲ, ಈ ಹರಡುವಿಕೆಯಿಂದ. ಅದನ್ನು ತಡೆಯುವ ಒಂದು ಅಣು ನಮ್ಮ ಗಿಡದಲ್ಲಿ ಸಿಕ್ಕಿದರೆ ಎಲ್ಲರಿಗಿಂತ ಮೊದಲು ಕುಣಿಯುವವ ನಾನು.

ಆದರೆ ಆ ತಟ್ಟೆಗೆ ಹೊಟ್ಟೆ ಇಲ್ಲ, ಲಿವರ್ ಇಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು. ರಕ್ತದಲ್ಲಿ ಸಿಕ್ಕಿದ್ದು ಇದ್ದೂ ಇಲ್ಲದಷ್ಟು. ನೂರು ಗ್ರಾಂ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಮೂರು ಗ್ರಾಂ. ಆ 2 ಗ್ರಾಂ ಬೇಕಾದರೆ ಸುಮಾರು ಅರವತ್ತೈದು ಗ್ರಾಂ ಪುಡಿ ನುಂಗಬೇಕು. ನಮ್ಮ ಸಾರಿಗೆ ಬೀಳುವುದು ಎಷ್ಟು, ನೀವೇ ಹೇಳಿ.

ಕಾಳುಮೆಣಸು ಸೇರಿಸಿದರಾಯ್ತಲ್ಲ ಅಂತೀರಿ. ಹೌದು, ಅದರಲ್ಲಿರುವ ಪೈಪರಿನ್ ಅನ್ನುವ ಅಂಶ ಜೊತೆಗೆ ಕೊಟ್ಟಾಗ ರಕ್ತಕ್ಕೆ ಸೇರುವುದು ಇಪ್ಪತ್ತು ಪಟ್ಟು ಏರಿತು, ಅದೇ ಪರೀಕ್ಷೆಯಲ್ಲಿ. ಆದರೆ ಪೈಪರಿನ್ ಅರಿಶಿನಕ್ಕೆ ಮಾತ್ರ ಬಾಗಿಲು ತೆಗೆಯುವುದಲ್ಲ. ಔಷಧಿಗಳನ್ನು ಕರಗಿಸುವ ಲಿವರಿನ ಒಂದು ಕಿಣ್ವವನ್ನು ಅದು ಕಟ್ಟಿ ಹಾಕ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಕರಗಲಿಕ್ಕೂ ಆ ಕಿಣ್ವದ ಪಾಲು ಉಂಟು, ಕರಗದೆ ಉಳಿದರೆ ಡೋಸ್ ಹೆಚ್ಚಾದ ಹಾಗೆ. ಸಾರಿನ ನಾಲ್ಕು ಕಾಳಿಗೆ ಹೆದರಬೇಡಿ, ನಾನು ಹೇಳುವುದು ಕೀಮೋ ನಡೆಯುವಾಗ ನುಂಗುವ ಕ್ಯಾಪ್ಸೂಲಿನ ಮಾತು.

ಲಕ್ಷ್ಮಣಫಲದ್ದು ಬೇರೆಯೇ ಕತೆ. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಕೈಕಾಲು ನಡುಗುವ ಪಾರ್ಕಿನ್ಸನ್ ತರದ, ಆದರೆ ಅದರ ಮಾಮೂಲಿ ಮಾತ್ರೆಗೆ ಬಗ್ಗದ ಕಾಯಿಲೆ ತುಂಬ ಜನಕ್ಕೆ ಕಾಣಿಸಿತು. ಅವರು ಈ ಹಣ್ಣು ತಿಂದು, ಎಲೆಯ ಕಷಾಯ ಕುಡಿಯುವ ರೂಢಿಯವರು ಅಂತ 1999ರಲ್ಲಿ ವರದಿಯಾಯ್ತು. ಲಕ್ಷ್ಮಣಫಲದಲ್ಲಿರುವ ಅನ್ನೊನಾಸಿನ್ ಅನ್ನುವ ಅಂಶ ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ನಿಜ, ನರಕೋಶವನ್ನೂ ಬಿಡುವುದಿಲ್ಲ. ನೈಸರ್ಗಿಕ ಅಂದರೆ ಸೇಫ್ ಅನ್ನುವವರಿಗೆ ನಮ್ಮ ತೋಟದ ಅಡಿಕೆ ನೆನಪಿಸ್ತೇನೆ. 2004ರಿಂದ ಅದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಪಟ್ಟಿಯಲ್ಲಿ, ಖಂಡಿತ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಉಂಟು. ಕಮೆಂಟಿನಲ್ಲಿ ಬೈಯಿರಿ, ಪರವಾಗಿಲ್ಲ.

ಆ ದಿವಸ ಫ್ಲಾಸ್ಕನ್ನು ಡಾಕ್ಟರ ಮೇಜಿನ ಮೇಲೆ ನಾನೇ ಇಟ್ಟೆ. ಅವರು ಬೈಯಲಿಲ್ಲ. ಮುಚ್ಚಳ ತೆಗೆದು ಮೂಸಿದರು, ಎಷ್ಟು ಎಲೆ, ಎಷ್ಟು ನೀರು ಅಂತ ಕೇಳಿ ಬರ್ಕೊಂಡರು, ನಿಲ್ಲಿಸಿ ಅಂದರು. ಚಿಕ್ಕಮ್ಮನಿಗೆ ಧೈರ್ಯ ಬಂತು. "ಆಟಿಯಲ್ಲಿ ಪಾಲೆ ಕಷಾಯ ಕುಡೀಬಹುದಾ ಡಾಕ್ಟ್ರೇ?"

ಅವರೂ ಈ ಕಡೆಯವರೇ. ನಗಾಡಿದರು. "ಯಾರು ಕೆತ್ತುವುದು ಅಮ್ಮಾ?"

"ನನ್ನ ಮೈದುನ."

"ಅವರೇ ಕುಡೀಲಿ. ನಿಮಗೆ ಈ ವರ್ಷ ಮೆಂತೆ ಗಂಜಿ, ಎರಡು ಬಟ್ಟಲು."