ಬೂಷ್ಟಿಗೆ ಏನು ಕೊಡಬಾರದು

(ವಿಜ್ಞಾನ ದಿನದಂದು ಪದವಿ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಬರುವ ದಾರಿಯಲ್ಲಿ ಸಂತೆ ಹತ್ತಿರ ಇಳಿದು ಒಂದು ಈರುಳ್ಳಿ ಕೇಳಿದೆ. ಅಂಗಡಿಯವನು ಒಳ್ಳೇದು ಆರಿಸಲು ಹೋದ. ಬೇಡಪ್ಪ, ಕಪ್ಪು ಹಿಡಿದಿರೋದೇ ಕೊಡು ಎಂದೆ. ಅವನು ನನ್ನ ಮುಖ ನೋಡಿ ದುಡ್ಡೇ ತೆಗೆದುಕೊಳ್ಳಲಿಲ್ಲ. ಅದನ್ನು ಈ ಕವರಿನಲ್ಲಿ ಹಾಕಿ ಗಂಟು ಕಟ್ಟಿದ್ದೇನೆ. ಮುಂದಿನ ಸಾಲಿನಿಂದ ಹಿಂದಕ್ಕೆ ಕಳಿಸಿ. ಗಂಟು ಬಿಚ್ಚಬೇಡಿ.

ಸಿಪ್ಪೆಯ ಮೇಲೆ ಕಾಡಿಗೆಯ ಹಾಗೆ ಪುಡಿ ಕಾಣುತ್ತದಲ್ಲ, ಅದು ಆಸ್ಪರ್ಜಿಲಸ್ ನೈಗರ್ ಬಳಗದ ಬೂಷ್ಟು. ಇವತ್ತು ಬೆಳಿಗ್ಗೆ ನಿಮ್ಮಲ್ಲಿ ಯಾರಾದರೂ ಜಾಮ್ ತಿಂದಿದ್ದರೆ, ಬಾಟಲಿ ಜ್ಯೂಸ್ ಕುಡಿದಿದ್ದರೆ, ಬಹುಶಃ ಈ ಬಳಗದ ಕೈರುಚಿ ನೋಡಿದ್ದೀರಿ. ಲೇಬಲ್ಲಿನ ಮೇಲೆ ಸಣ್ಣ ಅಕ್ಷರದಲ್ಲಿ 330 ಎಂದು ಇರುತ್ತದೆ. ಸಿಟ್ರಿಕ್ ಆಸಿಡ್. ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಪೊಟ್ಟಣ ಕಟ್ಟಿ ಕೊಡುವುದೂ ಅದನ್ನೇ. ನಿಂಬೆಯ ಹೆಸರು ಮಾತ್ರ ಉಳಿದಿದೆ. ನಿಂಬೆಹಣ್ಣು ಕೆಲಸ ಬಿಟ್ಟು ನೂರು ವರ್ಷವಾಯಿತು.

ಆಮಂತ್ರಣದಲ್ಲಿ ನನ್ನ ವಿಷಯ ಹೀಗಿದೆ: ಶಿಲೀಂಧ್ರ ಮತ್ತು ಯೀಸ್ಟುಗಳು ಉತ್ಪಾದಿಸುವ ಆಲ್ಕಲಾಯ್ಡ್ ಹಾಗೂ ಸಾವಯವ ಆಮ್ಲಗಳು. ಆಲ್ಕಲಾಯ್ಡ್ ಅಂದರೆ ಸಾರಜನಕ ಇರುವ, ಮೈಮೇಲೆ ಜೋರು ಪರಿಣಾಮ ಮಾಡುವ ವಸ್ತು. ಇರುವುದು ನಲವತ್ತು ನಿಮಿಷ. ಅದರಲ್ಲಿ ಸ್ವಾಗತ ಭಾಷಣವೇ ಹನ್ನೆರಡು ನುಂಗಿತು. ಹಾಗಾಗಿ ಒಂದೇ ಮಾತು ಹೇಳಿ ಹೋಗುತ್ತೇನೆ. ಬೂಷ್ಟಿಗೆ ಏನು ಕೊಡಬೇಕು ಎಂದು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಏನು ಕೊಡಬಾರದು ಎಂದು ಕಲಿಯಲು ನನ್ನ ಮೂವತ್ತು ವರ್ಷ ಹೋಯಿತು.

ಸ್ವಲ್ಪ ಹಿಂದಿನ ಕಥೆ. 1784ರಲ್ಲಿ ಸ್ವೀಡನ್ನಿನ ಶೀಲೆ ನಿಂಬೆ ರಸದಿಂದ ಈ ಆಮ್ಲವನ್ನು ಹರಳಾಗಿ ತೆಗೆದ. ಆಮೇಲೆ ಅದು ಇಟಲಿಯವರ ವ್ಯಾಪಾರವಾಯಿತು. ಅಲ್ಲಿಯ ನಿಂಬೆ ತೋಟಗಳೇ ಜಗತ್ತಿಗೆಲ್ಲ ಹುಳಿ ಒದಗಿಸುತ್ತಿದ್ದವು. 1893ರಲ್ಲಿ ಜರ್ಮನಿಯ ವೆಹ್ಮರ್ ಬೂಷ್ಟೂ ಇದನ್ನು ಮಾಡುತ್ತದೆ ಎಂದು ತೋರಿಸಿದ. ಆದರೆ ಅವನ ಪ್ರಯತ್ನ ವ್ಯಾಪಾರವಾಗಿ ಗಿಟ್ಟಲಿಲ್ಲ. ಗಿಟ್ಟಿಸಿದವನು ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಜೇಮ್ಸ್ ಕರಿ, 1917ರಲ್ಲಿ. ಅವನು ಮಾಡಿದ್ದು ಏನು ಗೊತ್ತಾ? ಬೂಷ್ಟಿಗೆ ಸಕ್ಕರೆ ಸುರಿದ, ಉಳಿದದ್ದರಲ್ಲಿ ಕೈ ಬಿಗಿ ಮಾಡಿದ, ಶುರುವಿನಲ್ಲೇ ನೀರನ್ನು ಹುಳಿ ಮಾಡಿಟ್ಟ. ಪಿಎಚ್ ಎರಡೂವರೆಯಿಂದ ಮೂರೂವರೆ. ಬೇರೆ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬದುಕುವುದೇ ಕಷ್ಟ. ನೈಗರ್ ಮಾತ್ರ ಆರಾಮಾಗಿ ಕೂತು ಇನ್ನಷ್ಟು ಹುಳಿ ಸುರಿಯಿತು. 1919ಕ್ಕೆ ಬ್ರೂಕ್ಲಿನ್‌ನಲ್ಲಿ ಫೈಜರ್ ಕಂಪನಿ ಅಗಲ ತಟ್ಟೆಗಳಲ್ಲಿ ಇದನ್ನು ಬೆಳೆಸತೊಡಗಿತು. ಇಟಲಿಯ ನಿಂಬೆಯವರ ಗತಿ ಏನಾಯಿತು ಎಂದು ನಾನು ಹೇಳಬೇಕಾಗಿಲ್ಲ. ಮುಂದೆ ತಟ್ಟೆ ಬಿಟ್ಟು ಟ್ಯಾಂಕಿನಲ್ಲೂ ಬೂಷ್ಟು ಬೆಳೆಸಿ ಪಳಗಿದ ಇದೇ ಕೈಗಳು ಎರಡನೇ ಮಹಾಯುದ್ಧದಲ್ಲಿ ಪೆನಿಸಿಲಿನ್‌ಗೆ ಕೆಲಸಕ್ಕೆ ಬಂದವು.

ಈಗ ನನ್ನ ಕಥೆ. ಇದನ್ನು ಕೇಳಿ ಕೇಳಿ ನನ್ನ ಮನೆಯವರು ಎದ್ದು ಹೋಗುತ್ತಾರೆ. ನೀವು ಕೂತಿದ್ದೀರಿ, ಬಾಗಿಲ ಹತ್ತಿರ ಎನ್‌ಎಸ್‌ಎಸ್‌ನವರು ನಿಂತಿದ್ದಾರೆ, ತಪ್ಪಿಸಿಕೊಳ್ಳಲಾಗುವುದಿಲ್ಲ.

ನಾನು ಆಗ ಒಂದು ಪ್ರಯೋಗಾಲಯದಲ್ಲಿ ಹೊಸಬ. ಶೇಕರ್ ಮೇಲೆ ಇಪ್ಪತ್ತನಾಲ್ಕು ಫ್ಲಾಸ್ಕು. ಪ್ರತಿ ಬಾರಿ ಐದನೇ ದಿನಕ್ಕೆ ಹುಳಿ ಅಳೆಯುತ್ತಿದ್ದೆ. ಬ್ಯೂರೆಟ್ಟಿನಿಂದ ಕ್ಷಾರ ಬಿಡುತ್ತಾ ಹೋಗುವುದು, ಗುಲಾಬಿ ಬಣ್ಣ ಬಂದಾಗ ನಿಲ್ಲಿಸುವುದು. ಆಮ್ಲ ಜಾಸ್ತಿ ಇದ್ದರೆ ಕೈ ನೋಯುವವರೆಗೆ ಬಿಡಬೇಕು. ಒಂದು ಸೋಮವಾರ ನಾಲ್ಕು ಹನಿ ಬಿತ್ತು, ಗುಲಾಬಿ! ಇನ್ನೊಂದು ಫ್ಲಾಸ್ಕು, ಐದು ಹನಿ. ಇಪ್ಪತ್ತನಾಲ್ಕೂ ಹಾಗೇ. ತಳಿ ಕೆಟ್ಟಿತು ಎಂದುಕೊಂಡೆ. ಹಳೆಯ ಸ್ಲ್ಯಾಂಟಿನಿಂದ, ಅಂದರೆ ತಳಿ ಕಾಪಾಡಿಟ್ಟ ಕೊಳವೆಯಿಂದ, ಮತ್ತೆ ಬೆಳೆಸಿದೆ. ಗುಲಾಬಿ. ಸಕ್ಕರೆ ಕೊಟ್ಟವನನ್ನು ಬೈದು ಹೊಸ ಸಕ್ಕರೆ ತರಿಸಿದೆ. ಗುಲಾಬಿ. ಮೂರು ವಾರ ಹೀಗೇ. ಗೈಡು ನನ್ನ ಮುಖ ನೋಡುವುದನ್ನೇ ಬಿಟ್ಟರು.

ಒಂದು ರಾತ್ರಿ ಸುಮ್ನೆ ಒಂದು ಫ್ಲಾಸ್ಕು ಎತ್ತಿ ಬೆಳಕಿಗೆ ಹಿಡಿದೆ. ಹುಳಿ ಕೊಡುವ ನೈಗರ್ ನೀರಿನಲ್ಲಿ ಹೇಗಿರುತ್ತದೆ ಎಂದರೆ, ಥೇಟ್ ಸಬ್ಬಕ್ಕಿ ಪಾಯಸ. ಗಟ್ಟಿ ಗಟ್ಟಿ ಗುಂಡು ಕಾಳು, ಮಧ್ಯೆ ತಿಳಿನೀರು. ಈ ಫ್ಲಾಸ್ಕಿನಲ್ಲಿ ಶಾವಿಗೆ ಇತ್ತು. ಉದ್ದ ಉದ್ದ ಎಳೆ, ಒಂದಕ್ಕೊಂದು ಹೆಣೆದುಕೊಂಡು, ಅಲುಗಿಸಿದರೆ ಮುದ್ದೆಯಾಗಿ ಉರುಳುತ್ತಿತ್ತು. ಬೂಷ್ಟಿಗೆ ಕಾಯಿಲೆಯಲ್ಲ. ಮೈ ತುಂಬಿಕೊಂಡಿತ್ತು!

ಮರುದಿನ ಬೆಳಿಗ್ಗೆ ಬೇಗ ಹೋದೆ. ನಮ್ಮ ಅಟೆಂಡರ್, ಬಹಳ ಒಳ್ಳೆಯ ಮನುಷ್ಯ, ಬಟ್ಟಿ ಇಳಿಸಿದ ನೀರಿನ ಕ್ಯಾನಿಗೆ ನಲ್ಲಿಯಿಂದ ಒಂದು ಚೊಂಬು ಬೋರ್‌ವೆಲ್ ನೀರು ಸೇರಿಸುತ್ತಿದ್ದರು. ಏನಿದು ಎಂದೆ. "ಸಾರ್, ಬಟ್ಟಿ ನೀರು ಬರೀ ಸಪ್ಪೆ. ಪಾಪ, ಅವೂ ಜೀವ ಅಲ್ವಾ?"

ನಗಬೇಡಿ. ಅವರ ಕರುಣೆ ದೊಡ್ಡದು. ಆ ಚೊಂಬಿನಲ್ಲಿ ಮ್ಯಾಂಗನೀಸ್ ಇತ್ತು. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಮ್ಯಾಂಗನೀಸ್ ಸಿಕ್ಕರೂ ಸಾಕು, ನೈಗರ್ ಹುಳಿ ಮಾಡುವುದನ್ನು ಬಿಟ್ಟು ಮೈ ಬೆಳೆಸಲು ಹೊರಡುತ್ತದೆ. ಸಕ್ಕರೆಯಿಂದ ಶಕ್ತಿ ತೆಗೆಯುವ ಕ್ರೆಬ್ಸ್ ಚಕ್ರ ನಿಮಗೆ ಗೊತ್ತು, ಕಳೆದ ವಾರವೇ ಟೆಸ್ಟ್ ಆಯಿತಂತೆ. ಅದರಲ್ಲಿ ಹುಟ್ಟುವ ಸಿಟ್ರೇಟ್, ಅಂದರೆ ನಮ್ಮ ಸಿಟ್ರಿಕ್ ಆಮ್ಲವೇ, ಜಾಸ್ತಿಯಾದರೆ ಫಾಸ್ಫೋಫ್ರಕ್ಟೋಕೈನೇಸ್ ಎಂಬ ಕಿಣ್ವ ಸಕ್ಕರೆ ಒಳಬರುವ ಬಾಗಿಲು ಮುಚ್ಚಬೇಕು. ಮ್ಯಾಂಗನೀಸ್ ಇಲ್ಲದ ಬೂಷ್ಟಿನಲ್ಲಿ ಪ್ರೋಟೀನ್ ಕಟ್ಟುವ ಕೆಲಸ ಎಡವುತ್ತದೆ, ಅಮೋನಿಯಂ ತುಂಬಿಕೊಳ್ಳುತ್ತದೆ, ಅದು ಆ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ. ಸಕ್ಕರೆ ಬರುತ್ತಲೇ ಇರುತ್ತದೆ, ಮೈ ಬೆಳೆಯುವುದಿಲ್ಲ, ಸಿಟ್ರೇಟ್ ಹೊರಗೆ ಸುರಿಯುತ್ತದೆ. ಕಾಕಂಬಿಯಲ್ಲಿ ಬೆಳೆಸುವ ಕಾರ್ಖಾನೆಗಳು ಮೊದಲು ಪೊಟಾಸಿಯಂ ಫೆರೋಸಯನೈಡ್ ಹಾಕಿ ಲೋಹಗಳನ್ನು ಹಿಡಿದು ಹಾಕುವುದು ಇದಕ್ಕೇ. ಅಂದರೆ ಏನು ಕೊಡಬಾರದು ಅನ್ನುವುದಕ್ಕೇ ದುಡ್ಡು ಖರ್ಚು!

ಇಲ್ಲಿ ಹುಡುಗಿಯೊಬ್ಬಳು ಕೈ ಎತ್ತಿದ್ದಾಳೆ. ಹೇಳಮ್ಮ. ನೀರಿನ ಬದಲು ಘನ ಮಾಧ್ಯಮದಲ್ಲಿ ಬೆಳೆಸಿದರೆ? ಭೇಷ್, ನನ್ನ ವಾದಕ್ಕೆ ಏಟು ಬೀಳುವುದೇ ಅಲ್ಲಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಲೋನ್ಸಾನೆ ಮತ್ತು ಶಂಕರಾನಂದ್ 1994ರಲ್ಲಿ ಕಾಫಿ ಹೊಟ್ಟಿನ ಮೇಲೆ ನೈಗರ್ ಬೆಳೆಸಿದರು. ಟ್ಯಾಂಕಿಲ್ಲ, ಒದ್ದೆ ಹೊಟ್ಟು ಅಷ್ಟೇ. ಹತ್ತು ಗ್ರಾಂ ಒಣ ಹೊಟ್ಟಿಗೆ ಒಂದೂವರೆ ಗ್ರಾಂ ಸಿಟ್ರಿಕ್ ಆಮ್ಲ ಬಂತು. ಅಲ್ಲಿ ಲೋಹಗಳಿದ್ದರೂ ಬೂಷ್ಟು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ ಎಂದೂ ಅವರೇ ತೋರಿಸಿದರು. ಕೊಡಗು, ಚಿಕ್ಕಮಗಳೂರಿನಲ್ಲಿ ಹೊಟ್ಟಿನ ಗುಡ್ಡೆ ನೋಡಿದ್ದೀರಲ್ಲ? ಅದರ ಪಕ್ಕ ಹೋಗುವಾಗ ನನಗೆ ಮೂಗು ಮುಚ್ಚಿಕೊಳ್ಳಲು ಮನಸ್ಸಾಗುವುದಿಲ್ಲ.

ಆಲ್ಕಲಾಯ್ಡ್‌ಗೆ ಬರೋಣ. ರೈ ಎಂಬ ಧಾನ್ಯದ ತೆನೆಯಲ್ಲಿ ಕಾಳಿನ ಜಾಗದಲ್ಲಿ ಒಂದು ಕಪ್ಪು ಕೊಂಬು ಬೆಳೆಯುತ್ತದೆ. ಅದೇ ಎರ್ಗಟ್, ಕ್ಲಾವಿಸೆಪ್ಸ್ ಪರ್ಪ್ಯೂರಿಯಾ. ಮಧ್ಯಯುಗದ ಯುರೋಪಿನಲ್ಲಿ ಇದು ಸೇರಿದ ರೊಟ್ಟಿ ತಿಂದವರ ಕೈಕಾಲು ಉರಿದು, ಕಪ್ಪಾಗಿ, ಉದುರುತ್ತಿದ್ದವು. ಸಂತ ಆಂಟನಿಯ ಬೆಂಕಿ ಎಂದು ಹೆಸರಿಟ್ಟರು. ನಮ್ಮ ಉತ್ತರ ಕರ್ನಾಟಕದವರಿಗೆ ಸಜ್ಜೆಯ ಎರ್ಗಟ್ ಗೊತ್ತು. ಮೊದಲು ತೆನೆಯಿಂದ ಜೇನಿನ ಹಾಗೆ ಅಂಟು ಸುರಿಯುತ್ತದೆ, ಆಮೇಲೆ ಕಪ್ಪು ಗಂಟು. ಬಿತ್ತನೆ ಬೀಜವನ್ನು ಉಪ್ಪು ನೀರಿಗೆ ಹಾಕಿದರೆ ಗಂಟುಗಳು ತೇಲುತ್ತವೆ. ಇದರ ಆಲ್ಕಲಾಯ್ಡ್ ಬೇರೆ ಗುಂಪಿನದು. ವಾಂತಿ, ತಲೆಸುತ್ತು, ಮಂಪರು ತರುತ್ತದೆ, ಕೈಕಾಲು ಉದುರಿಸುವುದಿಲ್ಲ. 1970ರ ದಶಕದ ಮಧ್ಯದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಜನ ಇದನ್ನು ತಿಂದು ನರಳಿದರು.

ರೈ ಎರ್ಗಟ್ ಹೆರಿಗೆಯನ್ನು ಬೇಗ ಮಾಡಿಸುತ್ತದೆ ಎಂದು ನ್ಯೂಯಾರ್ಕ್ ರಾಜ್ಯದ ವೈದ್ಯ ಸ್ಟರ್ನ್ಸ್ 1808ರಲ್ಲಿ ಬರೆದ. ಹೆರಿಗೆ ಪುಡಿ ಎಂದು ಹೆಸರಾಯಿತು. ಹೊಟ್ಟೆಯಲ್ಲೇ ಸತ್ತ ಮಕ್ಕಳು ಜಾಸ್ತಿಯಾದಾಗ, 1820ರ ದಶಕದಲ್ಲಿ, ನ್ಯೂಯಾರ್ಕ್ ನಗರದ ವೈದ್ಯ ಹೋಸಾಕ್ ಇದು ಸಾವಿನ ಪುಡಿ ಎಂದ. ಹೆರಿಗೆಯಾದ ಮೇಲೆ ರಕ್ತ ನಿಲ್ಲಿಸಲು ಮಾತ್ರ ಕೊಡಿ ಎಂದ. ಅವನು ಹೇಳಿದ್ದು ಇವತ್ತಿಗೂ ನಡೆಯುತ್ತಿದೆ. 1918ರಲ್ಲಿ ಸ್ವಿಟ್ಜರ್ಲೆಂಡಿನ ಸ್ಟೋಲ್ ಎರ್ಗಟ್‌ನಿಂದ ಎರ್ಗೊಟಮಿನ್ ಎಂಬ ಆಲ್ಕಲಾಯ್ಡ್ ಬೇರ್ಪಡಿಸಿದ. 1935ರಲ್ಲಿ ಲಂಡನ್ನಿನಲ್ಲಿ ಡಡ್ಲಿ ಮತ್ತು ಮೋಯರ್ ಎರ್ಗೊಮೆಟ್ರಿನ್ ಬೇರ್ಪಡಿಸಿದರು. ಅದರ ತಮ್ಮನೇ ಮೆಥರ್ಜಿನ್. ನಮ್ಮ ಹೆರಿಗೆ ವಾರ್ಡಿನ ನರ್ಸ್‌ಗಳನ್ನು ಕೇಳಿ, ಫ್ರಿಜ್‌ನ ಯಾವ ಮೂಲೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ಬಿಪಿ ಇರುವ ತಾಯಂದಿರಿಗೆ ಕೊಡಬಾರದು ಎಂದೂ ಹೇಳುತ್ತಾರೆ. ನೋಡಿ, ಅವರಿಗೂ ಕೊಡಬಾರದ್ದೇ ಮುಖ್ಯ!

ಹೊಲದಲ್ಲಿ ಬೆಳೆಯುವುದನ್ನು ಟ್ಯಾಂಕಿಗೆ ತಂದವರಲ್ಲಿ ಪೆನಿಸಿಲಿನ್‌ನ ಅರ್ನ್ಸ್ಟ್ ಚೈನ್ ಒಬ್ಬ. 1960ರಲ್ಲಿ, ರೋಮಿನಲ್ಲಿ, ಕ್ಲಾವಿಸೆಪ್ಸ್ ಪಾಸ್ಪಾಲಿಯನ್ನು ದ್ರವದಲ್ಲಿ ಬೆಳೆಸಿ ಎರ್ಗಟ್ ಔಷಧಗಳ ಬುನಾದಿಯಾದ ಲೈಸರ್ಜಿಕ್ ಆಮ್ಲದ ಕುಟುಂಬವನ್ನೇ ಪಡೆದರು. ಅಲ್ಲೂ ಅದೇ ಪಾಠ. ಕ್ಲಾವಿಸೆಪ್ಸ್‌ಗೆ ಫಾಸ್ಫೇಟ್ ಸಿಗುತ್ತಿರುವವರೆಗೆ ಅದು ಬೆಳೆಯುತ್ತಾ ಇರುತ್ತದೆ, ಆಲ್ಕಲಾಯ್ಡ್ ಮಾತೇ ಎತ್ತುವುದಿಲ್ಲ. ಫಾಸ್ಫೇಟ್ ಮುಗಿಯಿತು, ಬೆಳವಣಿಗೆ ನಿಂತಿತು, ಆಲ್ಕಲಾಯ್ಡ್‌ಗೆ ಕಚ್ಚಾವಸ್ತುವಾದ ಟ್ರಿಪ್ಟೋಫಾನ್ ಕೈಯಲ್ಲಿದೆ ಎಂದಾಗ ಕೆಲಸ ಶುರು. ಲೋನ್ಸಾನೆಯವರು ಫ್ರೆಂಚ್ ಗೆಳೆಯರ ಜೊತೆ ಕಬ್ಬಿನ ಸಿಪ್ಪೆಯ ಮೇಲೂ ಇದನ್ನು ಬೆಳೆಸಿದರು, 1993ರಲ್ಲಿ. ಇದರ ಬಗ್ಗೆ ನನ್ನ ಬಳಿ ಎಂಟು ಸ್ಲೈಡ್ ಇವೆ…

ಚೀಟಿ ಬಂತು. ಐದು ನಿಮಿಷ ಅಂತೆ.

ಸ್ಲೈಡ್ ಬಿಡೋಣ. ಯೀಸ್ಟ್. ಬ್ರೆಡ್ಡಿನದಲ್ಲ, ಯಾರೋವಿಯಾ ಲಿಪೋಲಿಟಿಕಾ ಎಂಬ ಇನ್ನೊಂದು. ಸಾರಜನಕ ಕಡಿಮೆ ಮಾಡಿದರೆ ಸಿಟ್ರಿಕ್ ಆಮ್ಲ. ಥಯಮಿನ್, ಅಂದರೆ ಬಿ1 ವಿಟಮಿನ್, ಕಡಿಮೆ ಮಾಡಿದರೆ ಆಲ್ಫಾ ಕೀಟೋಗ್ಲುಟಾರಿಕ್ ಆಮ್ಲ. ಒಂದೇ ಜೀವಿ, ಕಿತ್ತುಕೊಂಡದ್ದು ಬೇರೆ, ಕೊಟ್ಟದ್ದು ಬೇರೆ.

ಬ್ರೆಡ್ಡಿನ ಯೀಸ್ಟಿಗೆ 2015ರಲ್ಲಿ ಸ್ಟಾನ್‌ಫರ್ಡ್‌ನ ಕ್ರಿಸ್ಟಿನಾ ಸ್ಮೋಲ್ಕೆ ಗಿಡ, ಪ್ರಾಣಿ, ಬ್ಯಾಕ್ಟೀರಿಯಾಗಳ ಜೀನ್ ಸೇರಿಸಿ, ಸಕ್ಕರೆಯಿಂದ ಅಫೀಮಿನ ಬಳಗದ ಔಷಧ ಮಾಡಿಸಿದರು. ಪತ್ರಿಕೆಗಳು ಹೌಹಾರಿದವು. ಆದರೆ ಆಗಿನ ಇಳುವರಿಯಲ್ಲಿ ಒಂದು ಡೋಸಿಗೆ ಸಾವಿರಾರು ಲೀಟರ್ ಬೇಕಿತ್ತು. 2022ರಲ್ಲಿ ನಮ್ಮ ಅಂಗಳದ ನಿತ್ಯಪುಷ್ಪದ ಕ್ಯಾನ್ಸರ್ ಔಷಧಕ್ಕೆ ಬೇಕಾದ ಎರಡು ತುಂಡುಗಳೂ ಯೀಸ್ಟಿನಲ್ಲಿ ಬಂದವು. ಜೀನ್ ಹಾಕುವುದು ಈಗ ಹುಡುಗರಿಗೆ ಎಡಗೈ ಕೆಲಸ. ಆಮೇಲೆ ಆ ಯೀಸ್ಟನ್ನು ಫ್ಲಾಸ್ಕಿಗೆ ಹಾಕಿ ಯಾವುದನ್ನು ತಡೆಹಿಡಿಯಬೇಕು ಎಂದು ರಾತ್ರಿ ಕೂತು ನೋಡುವವರು ಬೇಕು. ನನ್ನ ಹತ್ತಿರ ಸೇರುವವರೆಲ್ಲ ಕಂಪ್ಯೂಟರ್ ಮುಂದೆ ಕೂರಲು ಕೇಳುತ್ತಾರೆ. ಸ್ಲ್ಯಾಂಟ್ ಬದಲಾಯಿಸಲು ಯಾರೂ ಇಲ್ಲ.

ಇನ್ನೊಂದು ಚೀಟಿ. ಊಟ ಆರುತ್ತಿದೆಯಂತೆ. ಆಯಿತು, ಆಯಿತು. ಈರುಳ್ಳಿ ಎಲ್ಲಿಗೆ ಬಂತು? ಕೊನೇ ಬೆಂಚಾ? ಗಂಟು ಬಿಚ್ಚಿಲ್ಲ ತಾನೇ… ಬಿಚ್ಚಿದ್ದೀಯಾ! ಇರಲಿ, ಮೊದಲು ಕೈ ತೊಳೆದುಕೊಂಡು ಬಾ. ಅಡುಗೆಯವರಿಗೆ ಮಾತ್ರ ಕೊಡಬೇಡ.