ಸೈನ್ಯದ ರೊಕ್ಕಕ್ಕ ಮಾರ್ಚ್ 31ರ ಗಡುವು ಯಾಕ?

ನಮಸ್ಕಾರ್ರಿ. ಮರಾಠಾ ಲಘು ಪದಾತಿದಳದ ಕೇಂದ್ರ ಇರೋ ಊರು ನಮ್ಮ ಬೆಳಗಾವಿ. ಸಾಂಬ್ರಾದಾಗ ವಾಯುಪಡೆ ತರಬೇತಿ ಶಾಲೆ. ಬಜೆಟ್ ಬಂತಂದ್ರ ಇಲ್ಲಿ ಎಲ್ಲಾರೂ ಕೇಳೂದು, ‘ಸೈನ್ಯಕ್ಕ ಎಷ್ಟ ಕೊಟ್ರು?’ ಅಂತ. 2025-26ಕ್ಕ 6.81 ಲಕ್ಷ ಕೋಟಿ. ಖರೇ, ಆದ್ರ ಆ ಅಂಕಿ ಹಿಡದು ಹೊಸಾ ತೋಪು, ವಿಮಾನ ಎಣಸಬ್ಯಾಡ್ರಿ.

ಅದರಾಗ ಪಿಂಚಣಿಗೇ 1.60 ಲಕ್ಷ ಕೋಟಿ ಹೋಗ್ತದ. ಪಗಾರ, ಡೀಸೆಲ್, ರೇಷನ್, ಬಟ್ಟೆ, ಬಿಡಿಭಾಗ, ಮದ್ದುಗುಂಡು ಎಲ್ಲಾ ಬರೂದು ಕಂದಾಯ ವೆಚ್ಚದಾಗ, ಸುಮಾರು 3.12 ಲಕ್ಷ ಕೋಟಿ. ಹೊಸಾ ಆಯುಧ ಕೊಳ್ಳೂದು ಬಂಡವಾಳ ವೆಚ್ಚದಿಂದ, ಅದು 1.80 ಲಕ್ಷ ಕೋಟಿ. ಅದರಾಗೂ ಹಿಂದ ಸಹಿ ಮಾಡಿದ ಕರಾರುಗಳ ಕಂತು ಮೊದಲ ಮುರೀತಾವ.

ಈಗ ನನ್ನ ತಕರಾರಿಗೆ ಬರ್ತೀನಿ. ಒಂದು ಆಯುಧ ಎಂಥಾ ಗುಣಮಟ್ಟದ್ದು ಬೇಕಂತ ಮೊದಲು ಸೈನ್ಯ ಬರದು ಕೊಡಬೇಕು. ರಕ್ಷಣಾ ಮಂತ್ರಿ ಅಧ್ಯಕ್ಷತೆಯ ಖರೀದಿ ಮಂಡಳಿ ‘ಇದು ಬೇಕು’ ಅಂತ ಒಪ್ಪಬೇಕು. ಆಮ್ಯಾಲೆ ಟೆಂಡರ್, ಮರುಭೂಮಿ, ಹಿಮಾಲಯದಾಗ ಪರೀಕ್ಷೆ, ದರದ ಮಾತು. ದೊಡ್ಡದಾದ್ರ ಸಂಪುಟದ ಭದ್ರತಾ ಸಮಿತಿ. ವರ್ಷಗಟ್ಟಲೆ ಹಿಡಿಯೂ ಕೆಲಸ ಇದು. ರೊಕ್ಕದ ಆಯುಷ್ಯ ಮಾತ್ರ 12 ತಿಂಗಳು, ಮಾರ್ಚ್ 31ಕ್ಕ ಆರ್ಥಿಕ ವರ್ಷ ಮುಗದ್ರ ಅದೂ ಮುಗೀತು!

ತೇಜಸ್ ಯುದ್ಧವಿಮಾನ ನೋಡ್ರಿ. 2021ರ ಫೆಬ್ರುವರಿಯಾಗ 83 ವಿಮಾನಕ್ಕ ಕರಾರಾತು, 2024ರ ಮಾರ್ಚ್‌ನಿಂದ ಕೈಗೆ ಬರಬೇಕಿತ್ತು. ಈ 83ಕ್ಕ ಹಾಕೂ ಅಮೆರಿಕಾದ ಎಫ್404 ಇಂಜಿನ್ ಮೊದಲನೇದು ಬಂದದ್ದೇ 2025ರ ಮಾರ್ಚ್‌ದಾಗ. ಕಂತು ಕೊಡೂದು ಕೆಲಸದ ಹಂತ ಮುಟ್ಟಿದ ಮ್ಯಾಲೆ. ಹಂತ ತಪ್ಪಿತಂದ್ರ ಆ ವರ್ಷದ ರೊಕ್ಕ ಖರ್ಚಾಗೂದಿಲ್ಲ, ಖಜಾನೆಗೆ ವಾಪಸ್. ಬಾಕಿ ಮಾತ್ರ ಮುಂದಿನ ವರ್ಷದ ಹೆಗಲಿಗೆ. 2024-25ರಾಗ 1.72 ಲಕ್ಷ ಕೋಟಿ ಬಂಡವಾಳ ಪರಿಷ್ಕೃತ ಅಂದಾಜಿನಾಗ 1.59 ಲಕ್ಷ ಕೋಟಿಗೆ ಇಳೀತು.

ಹದಿನೈದನೇ ಹಣಕಾಸು ಆಯೋಗ ದಾರಿ ತೋರಿಸಿತ್ತು: ವರ್ಷ ಮುಗದ್ರೂ ಮುಗೀದ ನಿಧಿ, 2021-26ಕ್ಕ 2.38 ಲಕ್ಷ ಕೋಟಿ. ಅಂಥಾ ನಿಧಿ ಜಾರಿಗೆ ತರಬೇಕು ಅಂತೀನಿ ನಾ. ಸಂಸತ್ತಿನ ಹಿಡಿತ ಸಡಿಲಾಗ್ತದ ಅಂತಾರ ಕೆಲವರು. ನಿಧಿಯಿಂದ ತಗಿಯೂ ಪ್ರತಿ ರೂಪಾಯಿಗೂ ಸಂಸತ್ತಿನ ಮಂಜೂರಾತಿ ಇಡ್ರಿ, ಹಿಡಿತ ಎಲ್ಲಿ ಹೋಗ್ತದ?

ನಮ್ಮ ಉದ್ಯಮಬಾಗ್ ಫೌಂಡ್ರಿಯವರಿಗೆ ಇದು ತಿಳೀತದ. ಹೊಸಾ ಕಾಸ್ಟಿಂಗ್‌ಗೆ (ಎರಕಕ್ಕ) ಪ್ಯಾಟರ್ನ್, ಅಂದ್ರ ಅಚ್ಚು ತಗಿಯೂ ನಮೂನೆ ಮಾಡಬೇಕು, ಮಾದರಿ ಎರೀಬೇಕು, ಎಕ್ಸ್‌ರೇದಾಗ ಬ್ಲೋಹೋಲ್ (ಒಳಗ ಗಾಳಿಗುಳ್ಳಿ) ಕಂಡ್ರ ಗೇಟಿಂಗ್, ಅಂದ್ರ ಕರಗಿದ ಲೋಹ ಹರಿಯೂ ದಾರಿ ತಿದ್ದಿ ಮತ್ತ ಎರೀಬೇಕು. ಮಾದರಿ ಪಾಸಾದ ಮ್ಯಾಲೇ ಲಾಟ್. ಈ ಕೆಲಸಕ್ಕ ಜನವರಿದಾಗ ಆರ್ಡರ್ ಕೊಟ್ಟು ಮಾರ್ಚ್ 31ಕ್ಕ ಮಾಲು ಕೇಳಿದ್ರ ತಪ್ಪಿಹೋಗೂದು ಆ ತಪಾಸಣೆನ.