ಬೆಸುಗೆ ನೋಡಿ: ಎಝಡ್ ಅಲ್ಕ್‌ಮಾರ್ ಕ್ಲಬ್ಬಿನ ಏಳುಬೀಳು

ಸಭಿಕರೇ, ನನಗಿಂತ ಮೊದಲು ಮಾತಾಡಿದವರು, ಒಬ್ಬ ದೊಡ್ಡ ಧಣಿ ಸಿಕ್ಕರೆ ಫುಟ್‌ಬಾಲ್ ಕ್ಲಬ್ಬು ತಾನಾಗಿ ನಿಲ್ಲುತ್ತೆ ಅಂದರು. ಚಪ್ಪಾಳೆಯೂ ಜೋರಾಗೇ ಬಿತ್ತು. ನಾನು ಬರೆದುಕೊಂಡು ಬಂದದ್ದು ಅದಕ್ಕೆ ತದ್ವಿರುದ್ಧ, ಏನು ಮಾಡಲಿ!

ಒಂದು ಚಾವಣಿಯಿಂದ ಶುರು ಮಾಡುತ್ತೇನೆ. 2019ರ ಆಗಸ್ಟ್ 10, ನೆದರ್‌ಲೆಂಡ್ಸ್‌ನ ಅಲ್ಕ್‌ಮಾರ್ ಊರಲ್ಲಿ ಜೋರು ಗಾಳಿ. ಎಝಡ್ ಕ್ಲಬ್ಬಿನ ಕ್ರೀಡಾಂಗಣದಲ್ಲಿ ಒಂದು ಬದಿಯ ಚಾವಣಿ ಕುಸಿದು ಕುರ್ಚಿಗಳ ಮೇಲೆ ಬಿತ್ತು. ಪಂದ್ಯ ಇಲ್ಲದ ದಿನ, ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರೂ ಗಾಳಿಯನ್ನು ಬೈದರು. ತನಿಖೆಯಲ್ಲಿ ಹೊರಬಿದ್ದದ್ದು ಬೇರೆ: ಚಾವಣಿಯ ಉಕ್ಕಿನ ಬೆಸುಗೆಗಳು ಬೇಕಾದಷ್ಟು ಗಟ್ಟಿ ಇರಲಿಲ್ಲ. ಹದಿಮೂರು ವರ್ಷ ಅವು ಸುಮ್ಮನೆ ಹಿಡಿದುಕೊಂಡಿದ್ದವು, ಅಷ್ಟೇ. ತಂಡ ಕೆಲವು ತಿಂಗಳು ಹೇಗ್ ನಗರಕ್ಕೆ ಹೋಗಿ ಆಡಬೇಕಾಯಿತು. ಈ ಕ್ಲಬ್ಬಿನ ಇಡೀ ಚರಿತ್ರೆ ಬೆಸುಗೆಯ ಚರಿತ್ರೆ ಅನ್ನುವುದೇ ನನ್ನ ವಾದ. ಇದನ್ನು ಇನ್ನೂ ಎರಡು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಹೆಸರೇ ಒಂದು ಬೆಸುಗೆ. ಎ ಅಂದರೆ ಅಲ್ಕ್‌ಮಾರ್, ಝಡ್ ಅಂದರೆ ಪಕ್ಕದ ಝಾನ್‌ಸ್ಟ್ರೇಕ್ ಸೀಮೆ. 1967ರಲ್ಲಿ ಅಲ್ಕ್‌ಮಾರ್ '54 ಮತ್ತು ಎಫ್‌ಸಿ ಝಾನ್‌ಸ್ಟ್ರೇಕ್ ಸೇರಿ ಎಝಡ್ '67 ಆಯಿತು. ಒಂದಾಗಿ ಕೆಲವೇ ವರ್ಷದಲ್ಲಿ ಸಾಲ ಕುತ್ತಿಗೆಗೆ ಬಂತು. ಆಗ ಕೈಹಿಡಿದವರು ಝಾನ್ ಸೀಮೆಯ ಮೋಲೆನಾರ್ ಸಹೋದರರು, ಕ್ಲಾಸ್ ಮತ್ತು ಕೇಸ್. ವಾಸ್ಟೋರಾ ಅಂತ ಅವರದೊಂದು ಅಂಗಡಿ. ಮನೆಬಳಕೆಯ ಯಂತ್ರಗಳನ್ನು ಅಗ್ಗದ ಬೆಲೆಗೆ ಮಾರುತ್ತಿದ್ದರು. ಆ ದುಡ್ಡು ಕ್ಲಬ್ಬಿಗೆ ಹರಿಯಿತು. 1979ರಲ್ಲಿ ಆಟಗಾರ ಕೇಸ್ ಕಿಸ್ಟ್ 34 ಗೋಲು ಹೊಡೆದು ಚಿನ್ನದ ಬೂಟು, ಅಂದರೆ ಯೂರೋಪಿನ ಲೀಗುಗಳ ಗೋಲು ಸರದಾರನಿಗೆ ಕೊಡುವ ಬಹುಮಾನ, ತಂದ. 1980-81ರಲ್ಲಿ ಲೀಗ್ ಪ್ರಶಸ್ತಿ: 34 ಪಂದ್ಯ, 27 ಗೆಲುವು, ಒಂದೇ ಸೋಲು, 101 ಗೋಲು. ಗೆಲುವಿಗೆ ಎರಡೇ ಅಂಕ ಇದ್ದ ಕಾಲದಲ್ಲಿ 60 ಅಂಕ! ಎರಡನೇ ಸ್ಥಾನದ ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್ ಕ್ಲಬ್ಬು 12 ಅಂಕ ಹಿಂದೆ. ಅದೇ ವರ್ಷ ಡಚ್ ಕಪ್ಪೂ ಬಂತು. ಯೂರೋಪಿನ ಕ್ಲಬ್ಬುಗಳ ಯುಇಎಫ್ಎ ಕಪ್ ಫೈನಲ್‌ನಲ್ಲಿ ಮಾತ್ರ ಇಂಗ್ಲೆಂಡಿನ ಇಪ್ಸ್‌ವಿಚ್ ಎದುರು ಮೊದಲ ಪಂದ್ಯ 0-3 ಸೋತು, ಎರಡನೆಯದನ್ನು 4-2 ಗೆದ್ದು, ಒಂದೇ ಗೋಲಿನಲ್ಲಿ ಕಪ್ ಕೈತಪ್ಪಿತು.

ಆಮೇಲೆ? ಕೇಸ್ ಮೋಲೆನಾರ್ ಅಷ್ಟರಲ್ಲೇ ತೀರಿಕೊಂಡಿದ್ದರು. 1985ರಲ್ಲಿ ಕ್ಲಾಸ್ ಕೂಡ ಹೊರನಡೆದರು. ಮೂರೇ ವರ್ಷ, 1988ರಲ್ಲಿ ತಂಡ ಎರಡನೇ ದರ್ಜೆಗೆ ಜಾರಿತು. ಮತ್ತೆ ಮೇಲೆ ಬಂದು ಕಾಲೂರಿದ್ದು 1998ರಲ್ಲಿ. ಅಂಗಡಿಗೂ ಆಟಕ್ಕೂ ಇದ್ದ ಬೆಸುಗೆ ಇಬ್ಬರು ಅಣ್ಣತಮ್ಮಂದಿರು. ಅವರು ಹೋದರು, ಬೆಸುಗೆಯೂ ಬಿಟ್ಟಿತು.

ಎರಡನೇ ಧಣಿ ಡಿರ್ಕ್ ಸ್ಕೇರಿಂಗಾ, ಡಿಎಸ್‌ಬಿ ಬ್ಯಾಂಕಿನ ಒಡೆಯ. 2006ರಲ್ಲಿ 17 ಸಾವಿರ ಆಸನದ ಹೊಸ ಕ್ರೀಡಾಂಗಣ ಎದ್ದಿತು, ಅದಕ್ಕೂ ಬ್ಯಾಂಕಿನದೇ ಹೆಸರು. ನಾನು ಶುರುವಿನಲ್ಲಿ ಹೇಳಿದ ಚಾವಣಿ ಇದರದ್ದೇ. ತರಬೇತುದಾರ ಲೂಯಿ ವಾನ್ ಗಾಲ್.

2007ರ ಏಪ್ರಿಲ್ 29ರ ಕತೆಯನ್ನು ಹೇಳದೆ ಮುಂದೆ ಹೋಗಲಾರೆ. ಲೀಗಿನ ಕೊನೆಯ ದಿನ. ಎಝಡ್, ಅಯಾಕ್ಸ್, ಐಂಡ್‌ಹೋವನ್ ಊರಿನ ಪಿಎಸ್‌ವಿ, ಮೂವರಿಗೂ 72 ಅಂಕ. ಅಂಕ ಸಮವಾದರೆ ನೋಡುವುದು ಗೋಲು ವ್ಯತ್ಯಾಸ, ಹೊಡೆದದ್ದರಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದದ್ದು: ಎಝಡ್‌ಗೆ 53, ಅಯಾಕ್ಸ್‌ಗೆ 47, ಪಿಎಸ್‌ವಿಗೆ 46. ಲೆಕ್ಕ ಬಲ್ಲವರು ತಲೆಯಲ್ಲೇ ಕೂಡಿಸಿ: ಎಝಡ್ ಹೇಗಾದರೂ ಗೆದ್ದರೆ ಸಾಕು, ಹಿಂದಿನವರು ಏಳೆಂಟು ಗೋಲಿನ ಅಂತರದಲ್ಲಿ ಗೆಲ್ಲಬೇಕಾಗುತ್ತೆ. ಎದುರಾಳಿ ರೋಟರ್‌ಡ್ಯಾಮಿನ ಪುಟ್ಟ ಕ್ಲಬ್ಬು ಎಕ್ಸೆಲ್ಸಿಯರ್, ಪಟ್ಟಿಯ ತಳದ ಕಡೆ ಇದ್ದವರು. ಆಟ ಬಿಸಿಯಾಗುವ ಮೊದಲೇ ಎಝಡ್‌ನ ಗೋಲ್‌ಕೀಪರ್ ಬಾಯ್ ವಾಟರ್‌ಮನ್‌ಗೆ ಕೆಂಪು ಕಾರ್ಡು. ಹತ್ತು ಜನ ಉಳಿದರು, 2-3ರಲ್ಲಿ ಸೋತರು. ಅತ್ತ ಪಿಎಸ್‌ವಿ ವಿಟೆಸ್ಸೆಯನ್ನು 5-1ರಿಂದ ಬಡಿಯಿತು, ಅಯಾಕ್ಸ್ 2-0 ಗೆದ್ದಿತು. ಕೂಡಿ ಕಳೆದರೆ ಪಿಎಸ್‌ವಿಗೆ 50, ಅಯಾಕ್ಸ್‌ಗೆ 49. ಒಂದು ಗೋಲಿನಲ್ಲಿ ಪ್ರಶಸ್ತಿ ಐಂಡ್‌ಹೋವನ್‌ಗೆ ಹೋಯಿತು. ಅದೇ ಋತುವಿನ ಕಪ್ ಫೈನಲ್ಲೂ ಪೆನಾಲ್ಟಿಯಲ್ಲಿ ಅಯಾಕ್ಸ್ ಪಾಲಾಯಿತು. ಹಾಲು ಕಾಯಿಸಿ ಕಾಯಿಸಿ, ಇಳಿಸುವ ಹೊತ್ತಿಗೆ ಒಡೆದ ಹಾಗೆ!

ಮರುವರ್ಷ 11ನೇ ಸ್ಥಾನ. ವಾನ್ ಗಾಲ್ ಹೊರಡುತ್ತೇನೆ ಅಂದಾಗ ಆಟಗಾರರೇ ಹೋಗಬೇಡಿ ಅಂದರು. 2008-09ರ ಮೊದಲ ಎರಡೂ ಪಂದ್ಯ ಸೋಲು. ಅಲ್ಲಿಂದಾಚೆಗೆ 28 ಪಂದ್ಯ ಸೋಲಿಲ್ಲ. ತಮಾಷೆ ಏನೆಂದರೆ ಚಾಂಪಿಯನ್ ಆದದ್ದು ಸೋತ ಮಾರನೆಯ ದಿನ. ಏಪ್ರಿಲ್ 18ರಂದು ಸ್ವಂತ ಅಂಗಳದಲ್ಲಿ ವಿಟೆಸ್ಸೆಗೆ 1-2 ಸೋತರು. 19ರಂದು ಅಯಾಕ್ಸ್ ಪಿಎಸ್‌ವಿ ಕೈಲಿ 2-6 ಹೊಡೆತ ತಿಂದಿತು. ಇನ್ನು ಹಿಡಿಯುವವರಿಲ್ಲದೆ ಪ್ರಶಸ್ತಿ ಮನೆಗೇ ನಡೆದುಬಂತು.

ಆರು ತಿಂಗಳು. ಬರೀ ಆರು ತಿಂಗಳು. ಅಕ್ಟೋಬರಿನಲ್ಲಿ ಧಣಿಯ ಬ್ಯಾಂಕಿನ ಗ್ರಾಹಕರು ಠೇವಣಿ ಹಿಂತೆಗೆಯಲು ಮುಗಿಬಿದ್ದರು. 2009ರ ಅಕ್ಟೋಬರ್ 19ರಂದು ಡಿಎಸ್‌ಬಿ ದಿವಾಳಿ. ಮರುದಿನವೇ ಚಾಂಪಿಯನ್ಸ್ ಲೀಗ್‌ನಲ್ಲಿ ಆರ್ಸೆನಲ್ ಎದುರು ಪಂದ್ಯ. ಕೊನೆಯ ಕ್ಷಣದ ಗೋಲಿನಿಂದ 1-1 ಮಾಡಿಕೊಂಡರು, ಆ ಹುಡುಗರ ಗುಂಡಿಗೆ ಗಟ್ಟಿ. ಇಲ್ಲಿ ಯಂತ್ರ ಕೆಡುವುದು ಎಲ್ಲಿ ಅಂತ ನೋಡಿ. ಆಟಗಾರನ ಕರಾರು ಮೂರು-ನಾಲ್ಕು ವರ್ಷದ್ದು, ಸಂಬಳ ತಿಂಗಳು ತಿಂಗಳು ಕೊಡಲೇಬೇಕು. ಧಣಿಯ ದುಡ್ಡು ನಿಲ್ಲುವುದು ಒಂದೇ ದಿನದಲ್ಲಿ. ನಡುವಿನ ಕಂದಕ ತುಂಬಲು ಇರುವ ದಾರಿ ಒಂದೇ, ಆಟಗಾರರನ್ನು ಮಾರುವುದು. ಅದೂ ಎಲ್ಲರಿಗೂ ನಿಮ್ಮ ಕಷ್ಟ ಗೊತ್ತಾದ ಮೇಲೆ, ಕೊಳ್ಳುವವನು ಹೇಳಿದ್ದೇ ಬೆಲೆ. 2010ರಲ್ಲಿ ಗೋಲು ಸರದಾರ ಎಲ್ ಹಮ್ದಾವಿ ಅಯಾಕ್ಸ್‌ಗೆ, ಡೆಂಬೆಲೆ ಫುಲ್ಹಮ್‌ಗೆ ಹೋದರು. ಮತ್ತೆ ಅದೇ ಮಾತು: ಕಂಬ ಎಷ್ಟು ದಪ್ಪ ಅನ್ನಬೇಡಿ, ಬೆಸುಗೆ ನೋಡಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮೂರನೇ ಭಾಗವೇ ನನಗೆ ಮುಖ್ಯವಾಗಿತ್ತು, ಓಡಿಸುತ್ತೇನೆ. ಈ ಸಲ ಧಣಿಯನ್ನು ಹುಡುಕಲಿಲ್ಲ. ಖರ್ಚು ಇಳಿಸಿದರು, 2013ರಲ್ಲಿ ಪಿಎಸ್‌ವಿಯನ್ನು 2-1 ಸೋಲಿಸಿ ಕಪ್ ಗೆದ್ದರು. ಮುಂದಿನ ವರ್ಷ ಆಡಳಿತಕ್ಕೆ ಬಂದವರು ರಾಬರ್ಟ್ ಏನ್‌ಹೋರ್ನ್, ನ್ಯೂಯಾರ್ಕ್ ಯಾಂಕೀಸ್‌ಗೆ ಬೇಸ್‌ಬಾಲ್ ಆಡಿದವರು. 2015ರಲ್ಲಿ ಸಲಹೆಗಾರನಾಗಿ ಬಂದವನು ಬಿಲ್ಲಿ ಬೀನ್, ಅವನೂ ಬೇಸ್‌ಬಾಲಿನವನೇ. ಅಂಕಿಅಂಶ ನೋಡಿ ಅಗ್ಗದಲ್ಲಿ ಕೊಳ್ಳುವುದು, ಹುಡುಗರನ್ನು ಬೆಳೆಸುವುದು, ಹದಕ್ಕೆ ಬಂದಾಗ ಮಾರುವುದು. ಆಟಗಾರ ಕೂಪ್‌ಮೈನರ್ಸ್ ಇಟಲಿಯ ಅಟಲಾಂಟಾ ಕ್ಲಬ್ಬಿಗೆ, ರೈಂಡರ್ಸ್ ಮಿಲಾನ್‌ಗೆ ಹೋದದ್ದು ಹೀಗೆ. ಮಾರಾಟ ಅದೇ, ಆದರೆ ಸಮಯ ಆರಿಸುವವರು ಇವರೇ.

2020ರಲ್ಲಿ ಕೋವಿಡ್‌ನಿಂದ ಲೀಗ್ ನಿಂತಾಗ ಅಯಾಕ್ಸ್ ಜೊತೆ 56 ಅಂಕಗಳ ಸಮ. ಎರಡೂ ಸಲ ಅಯಾಕ್ಸನ್ನು ಸೋಲಿಸಿದ್ದರೂ ಆ ವರ್ಷ ಯಾರಿಗೂ ಪ್ರಶಸ್ತಿ ಕೊಡಲಿಲ್ಲ. ಇದರ ನ್ಯಾಯಾನ್ಯಾಯಕ್ಕೆ ನಾಲ್ಕು ಹಾಳೆ ಬರೆದಿದ್ದೆ, ಮಡಚಿಡುತ್ತೇನೆ.

ಒಂದೇ ಒಂದು ಅಂಕಿ. 2023ರ ಯುಇಎಫ್ಎ ಯೂತ್ ಲೀಗ್, ಯೂರೋಪಿನ ಕ್ಲಬ್ಬುಗಳ ಹುಡುಗರ ತಂಡಗಳ ಪಂದ್ಯಾವಳಿ: ಬಾರ್ಸಿಲೋನಾ ಮೇಲೆ 3-0, ರಿಯಲ್ ಮ್ಯಾಡ್ರಿಡ್ ಮೇಲೆ 4-0, ಫೈನಲ್‌ನಲ್ಲಿ ಹೈಡುಕ್ ಸ್ಪ್ಲಿಟ್ ಮೇಲೆ 5-0. ಆ ಹುಡುಗರು ತಯಾರಾದ ತರಬೇತಿ ಅಂಗಳ ಇರುವುದು ಅಲ್ಕ್‌ಮಾರ್‌ನಲ್ಲಲ್ಲ, ವೈಡೆವೋರ್ಮರ್‌ನಲ್ಲಿ, ಝಾನ್ ಸೀಮೆಯ ಮಗ್ಗುಲಲ್ಲಿ. ಝಡ್ ಅಕ್ಷರಕ್ಕೂ ಅಷ್ಟು ಪಾಲು ಸಿಕ್ಕಿದೆ. ಉಳಿದದ್ದನ್ನು ಹೊರಗೆ ಕಾಫಿ ಕುಡಿಯುತ್ತಾ ಕೇಳಿ, ಹೇಳುತ್ತೇನೆ.